ನೋವು ಗೊತ್ತಾಗದೆ ಕಾಡಿಸ್ತಾರಾ, ಗೊತ್ತಿದ್ದೇ ಕಾಡಿಸ್ತಾರಾ? (ಹೈಸ್ಕೂಲ್ ಮಕ್ಕಳ ವಿಷಯ)

ತೊಗರಿ ಮಾಸ್ತರ್, ಚಿಂಚೋಳಿ ತಾಲೂಕು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲ್ ಟೀಚರ್. ನಮ್ಮ ಶಾಲೆಯಲ್ಲಿ ಮುಂದಿನ ತಿಂಗಳು ಕಲಬುರಗಿಯಿಂದ ಒಬ್ಬರನ್ನು ಕರೆಸಿ ಸಹಾನುಭೂತಿ ಬಗ್ಗೆ ಎರಡು ತಾಸು ಭಾಷಣ ಮಾಡಿಸೋಣ ಅಂತ ಮಾತು ನಡೆದಿದೆ. 9ನೇ ಕ್ಲಾಸಿನಲ್ಲಿ ಒಬ್ಬ ಹುಡುಗನನ್ನು ಕಾಡಿಸುತ್ತಿದ್ದಾರೆ, ಅದಕ್ಕೆ. ಮಕ್ಕಳಿಗೆ ಇನ್ನೊಬ್ಬರ ನೋವು ಅರ್ಥ ಆಗುತ್ತಿಲ್ಲ, ಅರ್ಥ ಮಾಡಿಸಿದರೆ ಸರಿಹೋಗುತ್ತಾರೆ ಅನ್ನೋದು ಸ್ಟಾಫ್ ರೂಮಿನ ಲೆಕ್ಕ. ನನಗೆ ಆ ಲೆಕ್ಕದ ಮೇಲೇ ಅನುಮಾನ.

ಹುಡುಗ ತಾಂಡಾದವನು. ದಸರಾ ಮುಗಿದರೆ ಅಪ್ಪ-ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ ಹೋಗುತ್ತಾರೆ. ಮುಂಚೆ ಇವನನ್ನೂ ಕರೆದುಕೊಂಡು ಹೋಗುತ್ತಿದ್ದರು. ಈಗ ಅಜ್ಜಿ ಹತ್ತಿರ ಬಿಟ್ಟಿದ್ದಾರೆ. ಕ್ಲಾಸಿನಲ್ಲಿ ಅವನಿಗಿಟ್ಟ ಹೆಸರು ‘ಪಾರ್ಸಲ್’.

ಹೆಸರಿಟ್ಟವನು ಒರಟನಲ್ಲ. ಓದಿನಲ್ಲಿ ಮುಂದು, ಬೆಳಗ್ಗೆ ಪ್ರಾರ್ಥನೆ ಹೇಳಿಸೋದು ಅವನೇ. ತಾಂಡಾದ ಹುಡುಗನಿಗೆ ಭಾನುವಾರ ರಾತ್ರಿ ಪಕ್ಕದ ಮನೆಯ ಫೋನಿಗೆ ಅವ್ವನ ಕರೆ ಬರುತ್ತದೆ ಅನ್ನೋದು ಇವನಿಗೆ ಗೊತ್ತು. ಸೋಮವಾರ ಮೊದಲ ಪೀರಿಯಡ್‌ನಲ್ಲಿ, ಹಾಜರಿ ಕರೆಯುವಾಗ, ಬಹಳ ಮೆತ್ತಗೆ ಕೇಳುತ್ತಾನೆ: “ನಿಮ್ಮವ್ವ ಯಾವಾಗ ಬರ್ತಾಳಂತಪಾ? ಆರಾಮ ಅದಾಳಿಲ್ಲೋ?” ಹೊರಗಿನವರು ಕೇಳಿದರೆ ಎಂಥ ಕಾಳಜಿ ಅನ್ನಬೇಕು. ಹಿಂದಿನ ಬೆಂಚಿನವರು ಬಾಯಿಗೆ ಪುಸ್ತಕ ಅಡ್ಡ ಹಿಡಿದು ನಗುತ್ತಾರೆ. ಆ ಹುಡುಗ ತಲೆ ಎತ್ತೋದಿಲ್ಲ. ನೋಟ್‌ಬುಕ್ಕಿನ ಮೂಲೆ ಮಡಚುತ್ತಾ ಕೂತಿರುತ್ತಾನೆ. ಅವನ ಎಲ್ಲ ನೋಟ್‌ಬುಕ್ಕುಗಳ ಮೂಲೆಯೂ ಸುರುಳಿ ಸುತ್ತಿಕೊಂಡಿವೆ.

ಈಗ ಹೇಳಿ, ಹಾಗೆ ಕೇಳಿದವನಿಗೆ ಇವನ ನೋವು ಗೊತ್ತಿಲ್ಲವಾ? ಇಡೀ ಕ್ಲಾಸಿನಲ್ಲಿ ಚೆನ್ನಾಗಿ ಗೊತ್ತಿರೋದೇ ಅವನಿಗೆ. ಇಂಥವನ ಮುಂದೆ ಭಾಷಣ ಮಾಡಿಸಿ ಏನು ಸಿಗುತ್ತದೆ?

ಜೇವರ್ಗಿ ಕಾಕಾ

ಮಾಸ್ತರರೇ, ಇದನ್ನು ಇಷ್ಟು ದೊಡ್ಡದು ಮಾಡಬೇಕಾ? ನಮ್ಮ ಕಾಲದಲ್ಲಿ ಅಡ್ಡಹೆಸರು ಇಲ್ಲದವನು ಕ್ಲಾಸಿನಲ್ಲೇ ಇರಲಿಲ್ಲ. ನಾನು ಬಡಕಲು ಅಂತ ನನಗೆ ‘ಕಣಕಿ’ ಅಂತಿದ್ದರು. ನಾನೂ ಅವರಿಗೆ ಬಿಡದೆ ಅಂತಿದ್ದೆ. ಸಂಜೆ ಆದರೆ ಎಲ್ಲರೂ ಒಂದೇ ಕಟ್ಟೆ ಮೇಲೆ. ಮಷ್ಕಿರಿ, ತಮಾಷೆ ಇಲ್ಲದೆ ದೋಸ್ತಿ ಎಲ್ಲಿ? ಈಗಿನ ಹುಡುಗರಿಗೆ ಒಂದು ಮಾತೂ ತಡೆಯೋದಿಲ್ಲ.

ಮಾಂಜ್ರಾ ದಂಡೆ, ಭಾಲ್ಕಿ

ಕಾಕಾ, ಉತ್ತರ ನೀವೇ ಹೇಳಿಬಿಟ್ಟಿರಿ. ‘ನಾನೂ ಬಿಡದೆ ಅಂತಿದ್ದೆ’ ಅಂದಿರಲ್ಲ, ಅದು ಮಷ್ಕಿರಿ. ಈ ವಿಷಯವನ್ನು ಮೊದಲು ಗಟ್ಟಿಯಾಗಿ ಅಭ್ಯಾಸ ಮಾಡಿದವರು ಮನಃಶಾಸ್ತ್ರಜ್ಞ ಡ್ಯಾನ್ ಓಲ್ವೇಯಸ್. 1982ರಲ್ಲಿ ನಾರ್ವೆಯಲ್ಲಿ ಮೂವರು ಹುಡುಗರು, ಬಹುಶಃ ಜೊತೆಯವರ ಕಾಟ ತಾಳದೆ, ಆತ್ಮಹತ್ಯೆ ಮಾಡಿಕೊಂಡ ಮೇಲೆ ಅಲ್ಲಿನ ಸರ್ಕಾರ ಎಚ್ಚೆತ್ತಿತು. ಮರುವರ್ಷವೇ ದೇಶಾದ್ಯಂತ ಶಾಲೆಗಳಲ್ಲಿ ಕೆಲಸ ಶುರುವಾಯಿತು. ಬೇಕು ಅಂತಲೇ ಮಾಡೋದು, ಮತ್ತೆ ಮತ್ತೆ ಮಾಡೋದು, ತಿರುಗಿ ಅನ್ನಲಾಗದವನಿಗೆ ಮಾಡೋದು. ಈ ಮೂರೂ ಕೂಡಿದರೆ ಅದು ಕಾಟ ಅಂತ ಅವರು ಗುರುತಿಸಿದರು. ತಾಂಡಾದ ಹುಡುಗ ತಿರುಗಿ ಏನು ಅಂದಾನು ಹೇಳಿ? ಅಂದರೆ ಅವನ ಕನ್ನಡಕ್ಕೇ ಇನ್ನೊಂದು ಸಲ ನಗುತ್ತಾರೆ.

ಮಾಸ್ತರರ ಅನುಮಾನ ನೂರಕ್ಕೆ ನೂರು ಸರಿ. ನಾನು ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತೇನೆ, ಸ್ವಲ್ಪ ಉದ್ದ ಬರೆದರೆ ಬೇಜಾರಾಗಬೇಡಿ. ನಾವು ಸಹಾನುಭೂತಿ ಅಂತ ಒಂದೇ ಮಾತಿನಲ್ಲಿ ಹೇಳೋದು ಎರಡು ಬೇರೆ ಬೇರೆ ಕೆಲಸ. ಎದುರಿನವನ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯೋದು ಒಂದು. ಅವನಿಗೆ ನೋವಾದಾಗ ನಮ್ಮ ಕರುಳೂ ಚುರ್ ಅನ್ನೋದು ಇನ್ನೊಂದು. ಮೊದಲನೆಯದು ಇದ್ದು ಎರಡನೆಯದು ಇಲ್ಲದಿರಬಹುದು. ಮೋಸ ಮಾಡುವ ದಲ್ಲಾಳಿಗೆ ರೈತನ ಅಡಚಣೆ ಏನು, ಮಗಳ ಮದುವೆ ಯಾವ ತಿಂಗಳು ಅನ್ನೋದೆಲ್ಲ ಬಾಯಿಪಾಠ ಇರುತ್ತದೆ. ತೊಗರಿ ದರ ಬೀಳಿಸೋದು ಆ ತಿಂಗಳೇ.

1999ರಲ್ಲಿ ಇಂಗ್ಲೆಂಡಿನ ಜಾನ್ ಸಟ್ಟನ್ ಮತ್ತು ಜೊತೆಯವರು 7ರಿಂದ 10 ವರ್ಷದ 193 ಮಕ್ಕಳಿಗೆ ಕಥೆಗಳನ್ನು ಹೇಳಿ, ‘ಈ ಪಾತ್ರದ ಮನಸ್ಸಿನಲ್ಲಿ ಏನಿದೆ’ ಅಂತ ಕೇಳಿದರು. ಕಾಟ ಕೊಡುವ ಗುಂಪಿನ ಮುಂದಾಳುಗಳು ತಮ್ಮ ಹಿಂಬಾಲಕರಿಗಿಂತ, ಕಾಟ ತಿನ್ನುವವರಿಗಿಂತ ಚೆನ್ನಾಗಿ ಉತ್ತರ ಕೊಟ್ಟರು. ಕಾಡಿಸೋರು ಮಂದಬುದ್ಧಿಯವರು ಅನ್ನೋ ನಂಬಿಕೆ ಅಲ್ಲಿಗೆ ಅಲುಗಾಡಿತು. ಆಮೇಲೆ 2006ರಲ್ಲಿ ಡ್ಯಾರಿಕ್ ಜಾಲಿಫ್ ಮತ್ತು ಡೇವಿಡ್ ಫ್ಯಾರಿಂಗ್ಟನ್ ಅಲ್ಲಿನದೇ 720 ಹೈಸ್ಕೂಲ್ ವಯಸ್ಸಿನ ಮಕ್ಕಳಲ್ಲಿ ಎರಡನ್ನೂ ಬೇರೆ ಬೇರೆ ಅಳೆದು ನೋಡಿದರು. ತಿಳಿಯುವ ಶಕ್ತಿ ಕಡಿಮೆ ಇರೋದಕ್ಕೂ ಕಾಟ ಕೊಡೋದಕ್ಕೂ ಸಂಬಂಧ ಸಿಗಲಿಲ್ಲ. ಕರುಳು ಚುರ್ ಅನ್ನೋದು ಕಡಿಮೆ ಇದ್ದದ್ದಕ್ಕೂ ಕಾಟಕ್ಕೂ ಸಂಬಂಧ ಕಂಡಿತು. ಗಂಡುಹುಡುಗರ ಮಟ್ಟಿಗೆ ಅದು ಪದೇ ಪದೇ ಕಾಡಿಸೋರಲ್ಲಿ ಮಾತ್ರ ಕಂಡಿತು.

ನಿಮ್ಮ ಭಾಷಣಕಾರರು ‘ಅವನ ಜಾಗದಲ್ಲಿ ನಿಂತು ನೋಡು’ ಅಂತಾರೆ. ಆ ಜಾಣ ಹುಡುಗ ಅಲ್ಲೇ ನಿಂತು ನೋಡಿಯೇ ಸೋಮವಾರ ಬೆಳಗ್ಗೆ ಆರಿಸಿಕೊಂಡಿದ್ದಾನೆ ಅಲ್ವಾ?

ಶಹಾಪುರದವ್ವ

ನನ್ನ ಮಗಳು 8ನೇ ಕ್ಲಾಸ್. ಅವಳಿಗೆ ಯಾರೂ ಬೈಯೋದಿಲ್ಲ, ಹೊಡೆಯೋದಿಲ್ಲ, ಹೆಸರೂ ಇಟ್ಟಿಲ್ಲ. ಬಿಸಿಯೂಟಕ್ಕೆ ಹುಡುಗಿಯರು ಸಾಲಾಗಿ ಕೂರುತ್ತಾರೆ. ಇವಳು ತಟ್ಟೆ ತಂದು ಕೂತ ಕೂಡಲೇ ಪಕ್ಕದವಳು ತನ್ನ ತಟ್ಟೆ ಒಂದು ಗೇಣು ಆ ಕಡೆ ಸರಿಸುತ್ತಾಳೆ. ಆಮೇಲೆ ಅದರ ಪಕ್ಕದವಳು. ಹೀಗೆ ಇಡೀ ಸಾಲು ಸರಿಯುತ್ತದೆ. ಕಲ್ಲಿನ ನೆಲದ ಮೇಲೆ ಸ್ಟೀಲ್ ತಟ್ಟೆ ಸರಿಯುವ ಸಪ್ಪಳ ಇರುತ್ತದಲ್ಲ, ಆ ಸಪ್ಪಳಕ್ಕೇ ಹೆದರುತ್ತಾಳೆ. ಮನೆಯಲ್ಲಿ ತಮ್ಮ ಊಟದ ತಟ್ಟೆ ಎಳೆದರೂ ಸಿಡುಕುತ್ತಾಳೆ. ಯಾಕೆ ಅಂತ ನನಗೆ ಬಹಳ ತಡವಾಗಿ ತಿಳಿಯಿತು.

ದೂರು ಕೊಡೋಣ ಅಂದರೆ ಏನಂತ ಕೊಡಲಿ? ತಟ್ಟೆ ಸರಿಸಿದರು ಅಂತಲಾ? ಕಾಕಾ ಇದಕ್ಕೂ ಮಷ್ಕಿರಿ ಅಂತಾರೋ ಏನೋ.

ಜೇವರ್ಗಿ ಕಾಕಾ

ಇಲ್ಲ ತಂಗಿ. ಇದು ಮಷ್ಕಿರಿ ಅಲ್ಲ. ಊಟದ ಮುಂದೆ ಹಾಗೆ ಮಾಡಬಾರದು. ಆದರೆ ಉಳಿದ ಹುಡುಗಿಯರೆಲ್ಲ ಸುಮ್ನೆ ಯಾಕೆ ಸರಿಯುತ್ತಾರೆ? ಒಬ್ಬಳಿಗಾದರೂ ಪಾಪ ಅನಿಸೋದಿಲ್ಲವಾ?

ರೂಂ ನಂಬರ್ 9, ಕಲಬುರಗಿ

ಅನಿಸುತ್ತದೆ ಕಾಕಾ. ಅದೇ ತೊಂದರೆ.

ನಾನು ಪಿಯು ಓದುತ್ತಿದ್ದೇನೆ, 6ನೇ ಕ್ಲಾಸಿನಿಂದ ಹಾಸ್ಟೆಲ್. ಹಾಸ್ಟೆಲ್ ಅಂದರೆ ಶಾಲೆ ಬಿಟ್ಟ ಮೇಲೂ ಅದೇ ಮುಖಗಳು. ರಾತ್ರಿ ಒಬ್ಬನ ಟ್ರಂಕಿನಿಂದ ಶೇಂಗಾ ಹಿಂಡಿ ಡಬ್ಬಿ ತೆಗೆದು ಎಲ್ಲರಿಗೂ ಹಂಚುತ್ತಾರೆ. ಅವನ ಮನೆಯಿಂದ ಬಂದದ್ದು. ಅವನು ನೋಡುತ್ತಾ ನಿಂತಿರುತ್ತಾನೆ. ಅದನ್ನು ತಿನ್ನೋಕೆ ಯಾರಿಗೂ ಇಷ್ಟ ಇರೋದಿಲ್ಲ. ಆದರೆ ಬೇಡ ಅಂದರೆ ಸೀನಿಯರ್ ಕೇಳುತ್ತಾನೆ: “ಯಾಕಲೇ, ಅಂವ ನಿಮ್ಮ ಸಂಬಂಧಿಕ ಏನು?” ಮರುದಿನ ನಿನ್ನ ಟ್ರಂಕು. ಹಾಗಾಗಿ ಕೈ ಮುಂದೆ ಬರುತ್ತದೆ. ಕೆಲವರು ಮಲಗಿದ ಹಾಗೆ ನಾಟಕ ಮಾಡುತ್ತಾರೆ. ಕಣ್ಣು ಮುಚ್ಚಿದರೂ ಎಲ್ಲ ಕೇಳುತ್ತಿರುತ್ತದೆ. ವಾರ್ಡನ್‌ಗೆ ಹೇಳಿದರೆ, ಹೇಳಿದ್ದು ಯಾರು ಅಂತ ಊಟದ ಹೊತ್ತಿಗೆ ಎಲ್ಲರಿಗೂ ಗೊತ್ತಾಗಿರುತ್ತದೆ.

ನಮಗೆ ಪಾಪ ಅನಿಸೋದನ್ನು ಕಲಿಸೋಕೆ ಯಾರೂ ಬರಬೇಕಾಗಿಲ್ಲ. ಪಾಪ ಅನಿಸಿದ ಮೇಲೆ ಏನು ಮಾಡಿದರೆ ನಾವು ಉಳಿಯುತ್ತೇವೆ ಅನ್ನೋದನ್ನು ಹೇಳಿ.

ಮಾಂಜ್ರಾ ದಂಡೆ, ಭಾಲ್ಕಿ

ತಮ್ಮಾ, ನೀನು ಬರೆದದ್ದನ್ನೇ ಇಟಲಿಯ ಜಾನ್‌ಲೂಕಾ ಜೀನಿ ಮತ್ತು ಸಂಗಡಿಗರು 2008ರಲ್ಲಿ ಹದಿಹರೆಯದ ಮಕ್ಕಳಲ್ಲಿ ಕಂಡರು. ಕಾಟ ತಿನ್ನುವವನ ಪರ ನಿಲ್ಲುವವರಲ್ಲೂ ಮರುಕ ಜಾಸ್ತಿ, ಸುಮ್ಮನೆ ನಿಂತು ನೋಡುವವರಲ್ಲೂ ಜಾಸ್ತಿ. ವ್ಯತ್ಯಾಸ ಬಂದದ್ದು ಧೈರ್ಯದಲ್ಲಿ. ನಾಲ್ಕು ಜನರ ನಡುವೆ ನನ್ನ ಮಾತು ನಡೆಯುತ್ತದೆ ಅನ್ನೋ ಭರವಸೆ ಇದ್ದವರು ಮುಂದೆ ಬಂದರು. ಅದು ಇಲ್ಲದವರು ಗೋಡೆಗೆ ಒರಗಿ ನಿಂತರು.

ಇನ್ನೊಂದು ಅಧ್ಯಯನ ಕೆನಡಾದ್ದು, 2001ರಲ್ಲಿ ಪ್ರಕಟವಾಯಿತು. ಪ್ರಾಥಮಿಕ ಶಾಲೆಗಳ ಆಟದ ಮೈದಾನದಲ್ಲಿ ಕ್ಯಾಮೆರಾ, ಮಕ್ಕಳ ಮೈಮೇಲೆ ಸಣ್ಣ ಮೈಕು ಇಟ್ಟು ನೋಡಿದರು. 100ರಲ್ಲಿ 88 ಘಟನೆಗಳಲ್ಲಿ ಸುತ್ತ ಬೇರೆ ಮಕ್ಕಳು ಇದ್ದರು. ಅವರು ಮಧ್ಯೆ ಬಂದದ್ದು 19ರಲ್ಲಿ ಮಾತ್ರ. ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಶೇಕಡಾ 57, ಕಾಟ 10 ಸೆಕೆಂಡಿನೊಳಗೆ ನಿಂತಿತು. ಅವರು ನಮ್ಮ ಮಕ್ಕಳಿಗಿಂತ ಚಿಕ್ಕವರು ನಿಜ. ಆದರೂ ನೋಡಿ, ಭಾಷಣ ಇಲ್ಲ, ಶಿಕ್ಷೆ ಇಲ್ಲ, ‘ಏ ಬಿಡೋ’ ಅನ್ನೋ ಒಂದು ಮಾತು. ಕಾಡಿಸುವವನಿಗೆ ಪ್ರೇಕ್ಷಕರು ಬೇಕು. ಪುಸ್ತಕ ಅಡ್ಡ ಹಿಡಿದು ನಗುವವರು ಇಲ್ಲದಿದ್ದರೆ ಆ ಸೋಮವಾರದ ಪ್ರಶ್ನೆಗೆ ಅರ್ಥವೇ ಇರೋದಿಲ್ಲ.

ಸೇಡಂ ರಸ್ತೆ

ಎಲ್ಲರೂ ಒಂದು ಮಾತು ಬಿಟ್ಟು ಬರೆಯುತ್ತಿದ್ದೀರಿ. ತಾಂಡಾದ ಹುಡುಗನೇ ಯಾಕೆ? ಹಾಸ್ಟೆಲ್‌ನಲ್ಲಿ ಯಾರ ಟ್ರಂಕು? ತಟ್ಟೆ ಸರಿಸಿದ್ದು ಯಾರ ಪಕ್ಕದಿಂದ? ಶಹಾಪುರದ ಅಕ್ಕ ಹೇಳಿಲ್ಲ, ನಾನೂ ಕೇಳೋದಿಲ್ಲ. ಆದರೆ ಈ ಭಾಗದಲ್ಲಿ ಹುಟ್ಟಿದವರಿಗೆ ತಟ್ಟೆ ಸರಿಸೋದು ಹುಡುಗಿಯರು ಹೊಸದಾಗಿ ಕಂಡುಹಿಡಿದ ಆಟ ಅಲ್ಲ ಅಂತ ಗೊತ್ತು. ಬೀದರ್ ಕಡೆ ಮರಾಠಿ ಮನೆಮಾತಿನವರಿಗೆ, ಇಲ್ಲಿ ತೆಲುಗು ಮಾತಾಡೋರಿಗೆ, ದಖನಿ ಮಾತಾಡೋರಿಗೆ ಒಂದೊಂದು ಹೆಸರು ಇದ್ದೇ ಇದೆ. ಅದನ್ನು ಮಕ್ಕಳು ಮನೆಯ ಪಡಸಾಲೆಯಲ್ಲಿ ಕೇಳಿಸಿಕೊಂಡು ಶಾಲೆಗೆ ತರುತ್ತಾರೆ. ಇದನ್ನು ಸಹಾನುಭೂತಿಯ ಕೊರತೆ ಅಂದರೆ ಜಾತಿಗೆ ಸೋಪು ಹಚ್ಚಿ ತೊಳೆದ ಹಾಗಾಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹೆಸರು ಹಿಡಿದು ನಾಲ್ಕು ಜನರ ಮುಂದೆ ಬೈಯೋದಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. 14 ವರ್ಷದವನ ಮೇಲೆ ಕೇಸು ಹಾಕಿಸಿ ಅನ್ನುತ್ತಿಲ್ಲ. ಆದರೆ ಶಾಲೆಯವರು ‘ಮಕ್ಕಳ ಜಗಳ’ ಅಂತ ಮುಚ್ಚುವಾಗ ಕಾಯ್ದೆ ಇದೆ ಅನ್ನೋದು ನೆನಪಿರಲಿ.

ದಯೆ ಬಗ್ಗೆ ಗೋಡೆ ತುಂಬ ಬರೆಸಿದ ಶಾಲೆಗಳನ್ನು ನೋಡಿದ್ದೇನೆ. ಆ ಗೋಡೆಯ ಬುಡದಲ್ಲೇ ಒಬ್ಬನ ಚೀಲ ಕಾಲಿಂದ ಕಾಲಿಗೆ ಒದೆಸಿಕೊಂಡು ತಿರುಗುತ್ತಿರುತ್ತದೆ.

ತೊಗರಿ ಮಾಸ್ತರ್, ಚಿಂಚೋಳಿ ತಾಲೂಕು

ಸೇಡಂ ರಸ್ತೆಯವರು ಹೇಳಿದ್ದು ಮನಸ್ಸಿಗೆ ನಾಟಿತು. ಯಾಕೆ ಅಂದರೆ ‘ಪಾರ್ಸಲ್’ ಅಂತ ಹೆಸರಿಟ್ಟ ಇದೇ ಹುಡುಗ, ಕಬಡ್ಡಿ ಆಡುವಾಗ ತನ್ನ ದೋಸ್ತನ ಕಾಲು ಉಳುಕಿದಾಗ ಸೈಕಲ್ ಮೇಲೆ ಕೂರಿಸಿಕೊಂಡು ತಾನು ನಡೆದುಕೊಂಡು ಆರೋಗ್ಯ ಕೇಂದ್ರದವರೆಗೆ ತಳ್ಳಿದ್ದಾನೆ. ದಾರಿಯಲ್ಲಿ ಅವನೂ ಅಳುತ್ತಿದ್ದ. ಕರುಳು ಇಲ್ಲ ಅಂತ ಹೇಗೆ ಹೇಳಲಿ? ಇದೆ, ಆದರೆ ಒಂದು ಬೇಲಿಯೊಳಗೆ ಇದೆ. ಬೇಲಿ ಹಾಕಿದವನು ಅವನೊಬ್ಬನೇ ಅಲ್ಲ.

ಮಾಂಜ್ರಾ ದಂಡೆ, ಭಾಲ್ಕಿ

ಹೌದು, ಒಪ್ಪಿದೆ. ನಮ್ಮವರು ಅನಿಸಿದವರಿಗೆ ಪೆಟ್ಟಾದರೆ ತಟ್ಟುವಷ್ಟು ಹೊರಗಿನವರಿಗೆ ಆದಾಗ ತಟ್ಟೋದಿಲ್ಲ. ಇದು ಮತ್ತೆ ಮತ್ತೆ ಕಂಡುಬಂದ ವಿಷಯ. ಮರುಕವನ್ನು ಅಳೆಯುವ ಪ್ರಶ್ನೆಪತ್ರಿಕೆಗಳು ಸಾಮಾನ್ಯವಾಗಿ ‘ಯಾರ ಬಗ್ಗೆ’ ಅಂತ ಕೇಳೋದೇ ಇಲ್ಲ.

ವಯಸ್ಸಿನದೂ ಒಂದು ಪಾತ್ರ ಇದೆ. ನೆದರ್ಲೆಂಡ್ಸ್‌ನಲ್ಲಿ ಮಕ್ಕಳನ್ನು 13ರಿಂದ 18ರವರೆಗೆ ವರ್ಷ ವರ್ಷ ಕೇಳುತ್ತಾ ಹೋದ ಅಧ್ಯಯನ 2014ರಲ್ಲಿ ಬಂತು. ಹುಡುಗರಲ್ಲಿ ಬೇರೆಯವರ ಬಗ್ಗೆ ಮರುಕ ಹದಿಹರೆಯದ ನಡುವಿನವರೆಗೆ ಇಳಿದು, ಆಮೇಲೆ ಮತ್ತೆ ಮೊದಲಿನ ಮಟ್ಟಕ್ಕೆ ಬಂದಿತ್ತು. 8, 9ನೇ ಕ್ಲಾಸಿನ ಹುಡುಗರನ್ನು ನೋಡಿ ‘ಇವನು ಇಷ್ಟೇ’ ಅಂತ ತೀರ್ಪು ಕೊಡೋಕೆ ಆತುರ ಬೇಡ.

ಗುರುಮಠಕಲ್ ಹೆಡ್‌ಮಾಸ್ತರ್

ನಿವೃತ್ತಿಗೆ ಹತ್ತಿರ ಇದ್ದೇನೆ, ಹಾಗಾಗಿ ನೇರ ಹೇಳುತ್ತೇನೆ. ನಮ್ಮಲ್ಲಿ ಇಂಥ ದೂರು ಬಂದರೆ ಮಾಡೋದು ಎರಡೇ. ಒಂದು, ನಾಲ್ಕು ಏಟು ಬಿಡೋದು. ಇನ್ನೊಂದು, ಇಬ್ಬರನ್ನೂ ಆಫೀಸಿಗೆ ಕರೆದು ಕೈಕುಲುಕಿಸೋದು. ಹೊಡೆಯೋದಕ್ಕೆ ಕಾನೂನಿನಲ್ಲಿ ಅವಕಾಶವೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನೂ ಮನಸ್ಸಿಗೆ ಹಿಂಸೆ ಕೊಡೋದನ್ನೂ ನಿಷೇಧಿಸಿದೆ. ಕೈಕುಲುಕಿಸೋದು ಅದಕ್ಕಿಂತ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ. ಕಾಡಿಸಿದವನು ನಗುತ್ತಾ ಕೈ ಕೊಡುತ್ತಾನೆ, ಸ್ವಲ್ಪ ಜಾಸ್ತಿಯೇ ಒತ್ತುತ್ತಾನೆ. ಸರಿಹೋಯಿತು ಅಂತ ನಾವು ರಿಜಿಸ್ಟರ್ ಮುಚ್ಚುತ್ತೇವೆ.

ಇನ್ನೂ ಕೆಲವರು, ಕಾಟ ತಿಂದ ಹುಡುಗನನ್ನೇ ಕ್ಲಾಸಿನ ಮುಂದೆ ನಿಲ್ಲಿಸಿ ‘ನಿನಗೆ ಎಷ್ಟು ಬೇಜಾರಾಯಿತು ಹೇಳು’ ಅಂತಾರೆ. ಉಳಿದವರಿಗೆ ಮರುಕ ಬರಲಿ ಅಂತ. ದಯವಿಟ್ಟು ಮಾಡಬೇಡಿ. ಎಲ್ಲಿ ಮುಟ್ಟಿದರೆ ನೋಯುತ್ತದೆ ಅಂತ ಕಾಡಿಸುವವನಿಗೆ ನಾವೇ ತೋರಿಸಿಕೊಟ್ಟ ಹಾಗೆ.

ಮತ್ತೆ ನಮ್ಮ ಬಾಯಿ. ‘ಎಮ್ಮೆ ಕಾಯೋಕೆ ಹೋಗು’, ‘ತಾಂಡಾದವರ ಬುದ್ಧಿ ಇಷ್ಟೇ’ ಅಂತ ಟೀಚರ್ ಅಂದ ಮೇಲೆ ಕ್ಲಾಸಿಗೆ ಪರ್ಮಿಷನ್ ಸಿಕ್ಕ ಹಾಗೆ ಅಲ್ವಾ? ಸಹಾನುಭೂತಿಯ ಭಾಷಣ ಮಾಡಿಸಲೇಬೇಕು ಅಂದರೆ ಸ್ಟಾಫ್ ರೂಮಿನಲ್ಲಿ ಮಾಡಿಸಿ.

ಜೇವರ್ಗಿ ಕಾಕಾ

ಎಲ್ಲರೂ ಬೇಡ ಬೇಡ ಅಂತ ಹೇಳುತ್ತಿದ್ದೀರಿ. ಹೊಡೆಯೋದು ಬೇಡ, ಭಾಷಣ ಬೇಡ, ಕೈಕುಲುಕಿಸೋದು ಬೇಡ. ಮಾಡೋದು ಏನು ಅಂತ ಯಾರಾದರೂ ಹೇಳಿ ಮತ್ತೆ.

ಮಾಂಜ್ರಾ ದಂಡೆ, ಭಾಲ್ಕಿ

ನಮ್ಮ ದೇಶದ್ದೇ ಉದಾಹರಣೆ ಇದೆ ಕಾಕಾ. ಬಿಹಾರದ ನಳಂದಾ ಜಿಲ್ಲೆ. 74 ಸರ್ಕಾರಿ ಹೈಸ್ಕೂಲ್‌ಗಳಲ್ಲಿ ಒಂದು ಪ್ರಯೋಗ ಮಾಡಿದರು. ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪ್ರಾರ್ಥನೆ ಹೊತ್ತಿನಲ್ಲಿ ಚರ್ಚೆ, ಗೋಡೆ ಪತ್ರಿಕೆ, ದೂರು ಹಾಕಲು ಪೆಟ್ಟಿಗೆ, ಮಕ್ಕಳದೇ ಗುಂಪುಗಳು, ಬೇಕಾದವರ ಜೊತೆ ಒಂಟಿಯಾಗಿ ಮಾತು. ಇಷ್ಟೇ ಕಾರ್ಯಕ್ರಮ. ಕೆಲವು ಶಾಲೆಗಳಲ್ಲಿ ಇದನ್ನು ಅಲ್ಲಿನ ಟೀಚರ್‌ಗೆ ವಹಿಸಿದರು. ಕೆಲವು ಕಡೆ ಇದಕ್ಕೆ ಅಂತಲೇ ತರಬೇತಿ ಕೊಟ್ಟ ಒಬ್ಬರನ್ನು ಇಟ್ಟರು. ಅವರು ಡಾಕ್ಟರೂ ಅಲ್ಲ, ಮನಃಶಾಸ್ತ್ರದ ತಜ್ಞರೂ ಅಲ್ಲ. ಆ ಶಾಲೆಗಳಲ್ಲಿ 9ನೇ ಕ್ಲಾಸಿನ ಮಕ್ಕಳಲ್ಲಿ ಕಾಟ ಕಡಿಮೆಯಾಯಿತು, ಖಿನ್ನತೆಯೂ ಇಳಿಯಿತು. ಟೀಚರ್ ನಡೆಸಿದ ಕಡೆ ಏನೂ ವ್ಯತ್ಯಾಸ ಕಾಣಲಿಲ್ಲ. ಕಾರ್ಯಕ್ರಮ ಒಂದೇ, ನಡೆಸಿದವರು ಬೇರೆ. ಇದರಿಂದ ಟೀಚರ್ ಕೆಟ್ಟವರು ಅಂತ ಅರ್ಥ ಮಾಡಬೇಡಿ. ಮಾರ್ಕ್ಸ್ ಕೊಡುವವರ ಮುಂದೆ ಮನಸ್ಸು ಬಿಚ್ಚೋದು ಕಷ್ಟ, ಅವರಿಗೆ ಪುರುಸೊತ್ತೂ ಇಲ್ಲ ಅಂತ ನನ್ನ ಊಹೆ.

ಫಿನ್‌ಲೆಂಡ್‌ನ ಕೀವಾ ಅನ್ನೋ ಕಾರ್ಯಕ್ರಮ 2009ರಿಂದ ಆ ದೇಶದ ಶಾಲೆಗಳಿಗೆ ಹರಡಿತು. ಅದರಿಂದ ಒಂದು ವಿಷಯ ನಮಗೂ ಆಗಿಬರುತ್ತದೆ. ಕಾಟ ತಿಂದವನ ಜೊತೆ, ಕೊಟ್ಟವನ ಜೊತೆ ಬೇರೆ ಬೇರೆ ಮಾತಾಡೋದು ಹೇಗೂ ಇದೆ. ಅದರ ಜೊತೆಗೆ, ಕ್ಲಾಸಿನಲ್ಲಿ ಮಾತು ನಡೆಯುವ, ಒಳ್ಳೆ ಮನಸ್ಸಿನ ಎರಡು ಮೂರು ಮಕ್ಕಳನ್ನು ಆರಿಸಿ, ಕಾಟ ತಿಂದವನ ಬೆನ್ನಿಗೆ ನಿಲ್ಲಿ ಅಂತ ಗುಟ್ಟಾಗಿ ಹೇಳುತ್ತಾರೆ. ರೂಂ ನಂಬರ್ 9, ನೀನು ಕೇಳಿದ ‘ನಾವು ಉಳಿಯೋದು ಹೇಗೆ’ ಅನ್ನೋದಕ್ಕೆ ಇದೇ ದಾರಿ. ಒಬ್ಬನೇ ಎದ್ದರೆ ಮರುದಿನ ಅವನ ಟ್ರಂಕು. ಮೂವರು ಕೂಡಿ ಎದ್ದರೆ ಲೆಕ್ಕ ಬದಲಾಗುತ್ತದೆ.

ರೂಂ ನಂಬರ್ 9, ಕಲಬುರಗಿ

ಮೂವರಲ್ಲಿ ಒಬ್ಬ ಕಬಡ್ಡಿ ಟೀಮಿನವನು ಇರಬೇಕು ಮೇಡಂ. ಸುಮ್ನೆ ಹೇಳುತ್ತಿಲ್ಲ. ಓದೋ ಹುಡುಗರು ಹೇಳಿದರೆ ಯಾರೂ ಕೇಳೋದಿಲ್ಲ.

ಮತ್ತೆ ದೂರು ಪೆಟ್ಟಿಗೆ ಹೆಡ್‌ಮಾಸ್ತರ್ ರೂಮಿನ ಬಾಗಿಲಲ್ಲಿ ಇಡಬೇಡಿ. ಚೀಟಿ ಹಾಕೋದನ್ನು ಇಡೀ ಶಾಲೆ ನೋಡುತ್ತದೆ. ನೀರಿನ ಟ್ಯಾಂಕ್ ಹತ್ತಿರ ಇಡಿ, ಅಲ್ಲಿಗೆ ಎಲ್ಲರೂ ಹೋಗುತ್ತಾರೆ.

ತೊಗರಿ ಮಾಸ್ತರ್, ಚಿಂಚೋಳಿ ತಾಲೂಕು

ಇಲ್ಲಿ ಓದಿದ್ದನ್ನು ಹೆಡ್‌ಮಾಸ್ತರ್ ಹತ್ತಿರ ಮಾತಾಡಿದೆ. ಭಾಷಣ ರದ್ದಾಗಿಲ್ಲ, ಬ್ಯಾನರ್ ಆಗಲೇ ಪ್ರಿಂಟ್ ಆಗಿದೆಯಂತೆ! ಇರಲಿ. ಅದರ ಜೊತೆಗೆ ನಮ್ಮ ಕೈಯಲ್ಲಿ ಆಗುವಷ್ಟು ಶುರು ಮಾಡಿದ್ದೇವೆ. ಸೋಮವಾರದ ಮೊದಲ ಪೀರಿಯಡ್ ಈಗ ನನ್ನದು. ಹಾಜರಿ ಹೆಸರು ಕರೆಯದೆ ನಾನೇ ಬೆಂಚಿನ ನಡುವೆ ನಡೆಯುತ್ತಾ ಗುರುತು ಹಾಕುತ್ತೇನೆ, ಆ ಖಾಲಿ ಹೊತ್ತು ಸಿಗೋದಿಲ್ಲ. ಹಿಂದಿನ ಬೆಂಚಿನವರಲ್ಲಿ ಇಬ್ಬರನ್ನು ಬೇರೆ ಬೇರೆ ಕರೆದು ಮಾತಾಡಿದೆ. ಒಬ್ಬ ಪಟ್ಟನೆ ಹೇಳಿದ: “ಸರ, ನನಗ ನಗು ಬರಂಗಿಲ್ರಿ. ಎಲ್ಲಾರೂ ನಗ್ತಾರಂತ ನಗ್ತೀನ್ರಿ.” ಅವನು ಕಬಡ್ಡಿ ಟೀಮಿನವನೇ. ಈಗ ಊಟದ ಸಾಲಿನಲ್ಲಿ ತಾಂಡಾದ ಹುಡುಗನ ಜೊತೆ ಅವನೇ ಕೂರುತ್ತಾನೆ. ಆ ಜಾಣ ಹುಡುಗನ ಜೊತೆ ಇನ್ನೂ ಮಾತು ನಡೆದಿದೆ. ಮೊದಲ ಸಲ ‘ನಾನು ಕಾಳಜಿಯಿಂದ ಕೇಳಿದೆ ಸರ್’ ಅಂದ. ನಿನಗೆ ಗೊತ್ತು, ನನಗೂ ಗೊತ್ತು ಅಂದೆ. ಸುಮ್ಮನಾದ. ಹೆಸರು ಪೂರ್ತಿ ನಿಂತಿಲ್ಲ, ಮೈದಾನದಲ್ಲಿ ಆಗಾಗ ಕೇಳಿಸುತ್ತದೆ.

ಶಹಾಪುರದವ್ವ

ಓದಿ ಸಮಾಧಾನ ಆಯಿತು ಸರ್. ನಾನು ಯಾರ ಹತ್ತಿರ ಮೊದಲು ಹೋಗಬೇಕು? ಹೆಡ್‌ಮಾಸ್ತರ್ ಹತ್ತಿರವಾ, ಕ್ಲಾಸ್ ಟೀಚರ್ ಹತ್ತಿರವಾ? ಮಗಳು ಹೋಗಲೇಬೇಡ ಅಂತಾಳೆ.

ಗುರುಮಠಕಲ್ ಹೆಡ್‌ಮಾಸ್ತರ್

ಮೊದಲು ಮಗಳನ್ನು ಕೇಳಿ, ಏನಾದರೆ ಅವಳಿಗೆ ಭಯ ಅಂತ. ಬಹಳ ಸಲ ‘ಆ ಹುಡುಗಿಯರನ್ನು ನನ್ನ ಮುಂದೆ ಕರೆದು ಬೈತಾರೆ’ ಅನ್ನೋದೇ ಭಯ. ಹಾಗೆ ಮಾಡಬೇಡಿ ಅಂತ ಟೀಚರ್‌ಗೆ ಮೊದಲೇ ಹೇಳಿ. ಕ್ಲಾಸ್ ಟೀಚರ್ ಹತ್ತಿರವೇ ಹೋಗಿ, ಶಾಲೆ ಬಿಟ್ಟ ಮೇಲೆ, ಅವಳನ್ನು ಬಿಟ್ಟು ಒಬ್ಬರೇ. ತಟ್ಟೆ ಸರಿಸಿದ್ದನ್ನು ಹೇಳೋಕೆ ನಾಚಿಕೆ ಬೇಡ. ಯಾವ ದಿನ, ಯಾರು ಯಾರು ಇದ್ದರು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಸಮಯ ಕೊಟ್ಟು ನೋಡಿ. ಏನೂ ಆಗದಿದ್ದರೆ ಅದೇ ಹಾಳೆಯನ್ನು ಅರ್ಜಿ ಮಾಡಿ ಹೆಡ್‌ಮಾಸ್ತರ್‌ಗೆ ಕೊಡಿ, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಅಲ್ಲೂ ಆಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸ್. ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಹಾಕಬೇಡಿ, ಮರುದಿನ ಅವಳಿಗೇ ಭಾರ.

ಊಟ ಬಿಟ್ಟಳು, ನಿದ್ದೆ ಇಲ್ಲ, ಶಾಲೆಗೇ ಹೋಗೋದಿಲ್ಲ ಅಂತ ಕೂತಳು ಅಂದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಅವಳೇ ಬೇಕಾದರೂ ಮಾಡಬಹುದು.

ಜೇವರ್ಗಿ ಕಾಕಾ

ಶಹಾಪುರಕ್ಕೆ ನಾನು ವಾರಕ್ಕೊಮ್ಮೆ ಬರುತ್ತಿರುತ್ತೇನೆ ತಂಗಿ. ಅರ್ಜಿ ಬರೆಯೋಕೆ ಯಾರೂ ಇಲ್ಲ ಅಂದರೆ ಇಲ್ಲೇ ಹೇಳು, ಬರೆದುಕೊಡುತ್ತೇನೆ.